ಮಾಸ್ತಪ್ಪನ ಹಾಲಿನ ಆಡು

ಅರವತ್ತರ ವಯಸ್ಸಿನ ಆಸುಪಾಸಿನಲ್ಲಿ ಹೊಸದಾಗಿ ಆಡು ಕಟ್ಟಿದವರ ಸಡಗರ ನೋಡಬೇಕಿದ್ದರೆ ಕಾಯ್ಕಿಣಿಯ ಮಾಸ್ತಪ್ಪನನ್ನು ನೋಡಬೇಕಿತ್ತು. ದಾರಿಯಲ್ಲಿ ಯಾರು ಸಿಕ್ಕರೂ, "ಎಂತ, ನಮ್ಮ ಆಡು ಕಂಡ್ರ?" ಎಂದೇ ಅವನ ಮಾತು ಶುರುವಾಗುತ್ತಿತ್ತು. ನೆಲದ ಥಂಡಿ ಆಡಿಗೆ ಆಗದೆಂದು ತನ್ನ ಮಂಚವನ್ನೇ ಅದಕ್ಕೆ ಬಿಟ್ಟುಕೊಟ್ಟು ತಾನು ಚಾಪೆಗಿಳಿದ. ಆಡಿನ ಸೊಪ್ಪಿಗೆಂದು ಹೊರಟ ಅವನ ಕತ್ತಿ ಕಂಡರೆ ಊರ ಹಲಸಿನ ಮರಗಳೆಲ್ಲ ಕೊಂಬೆ ಮೇಲೆತ್ತಿಕೊಳ್ಳುತ್ತಿದ್ದವು. ಬೆಳಿಗ್ಗೆಗೆ ಹಾಲು ಉಳಿಯಲೆಂದು ಸಂಜೆ ಮರಿಯನ್ನು ಬೇರೆ ಕಟ್ಟುವುದು ರೂಢಿ. ಇವನೋ ಕಟ್ಟುವನು, ಅದು ಕೂಗಿದೊಡನೆ ಬಿಚ್ಚುವನು. "ಮತ್ತೆ ಕರೀಲಿಕ್ಕೆ ಎಂತ ಉಳೀತದೋ, ಮಳ್ಳ?" ಎಂದು ಅಕ್ಕ ಮಾದೇವಿ ಬೈದರೆ, ಹೆರಿಗೆಯಲ್ಲಿ ತೀರಿಕೊಂಡ ತನ್ನ ಮಗಳ ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡೇ ಹೇಳುತ್ತಿದ್ದ: "ಮರಿ ಬಾಯಿ ಹಾಕದ ಹಾಗೆ ಬಟ್ಟೆ ಕಟ್ಟಿದ ಮೊಲೆ ನಮ್ಮ ಕೂಸಿಗೆ, ಇನ್ನೊಂದು ಮರಿಗೆ. ತಾಯಿ ಇದ್ದ ಮರಿಯೂ ಅಳೂದು ಬೇಡ, ಅಕ್ಕ."