ಕಡೆಗೆ ಮಾತಾಡಬೇಕಿದ್ದವರು

ಗೋವಾದ ಬಾಯ್ನಾ ದಂಡೆಯ ಲಂಬಾಣಿಗರಿಗೆಲ್ಲ ಥಾವರಪ್ಪನೇ ನಾಯಕ. ವಿಜಾಪುರದ ಕಡೆಯಿಂದ ಬಂದು ವಾಸ್ಕೋ ಬಂದರಿನಲ್ಲಿ ಹದಿನೆಂಟು ವರ್ಷ ಮೂಟೆ ಹೊತ್ತವನು. ಗುಡಿಸಲುಗಳಲ್ಲಿ ಜಗಳ ಹತ್ತಿದರೆ ಪಂಚಾಯ್ತಿ ಸೇರಿಸುತ್ತಿದ್ದ. ಅಲ್ಲಿ ಎಲ್ಲರ ಮಾತೂ ಮುಗಿಯುವ ತನಕ ಯಾರೂ ಏಳುವಂತಿಲ್ಲ. ತೂಕದ ಮನುಷ್ಯ ಕಡೆಗೆ ಮಾತಾಡಬೇಕು, ಅವನ ಮಾತಿನ ಮೇಲೆ ತೀರ್ಪು. ಊರು ಬಿಟ್ಟರೂ ಈ ಪದ್ಧತಿ ಬಿಟ್ಟಿರಲಿಲ್ಲ.

ತೊಂಬತ್ಮೂರರ ಮಳೆಗಾಲದಲ್ಲಿ, ಸಮುದ್ರ ದಂಡೆಯ ಮೇಲೆ ತಿರುಗಾಡಿ ಸರಕು ಮಾರಬಾರದು ಎಂಬ ಮಸೂದೆ ವಿಧಾನಸಭೆಗೆ ಬಂತು. ಥಾವರಪ್ಪನ ಬೆನ್ನು ಆಗಲೇ ಕೈಕೊಟ್ಟಿತ್ತು. ಹೆಂಡತಿ ಭೀಮಿಬಾಯಿ ದಂಡೆಯಲ್ಲಿ ಕನ್ನಡಿ ಹಚ್ಚಿದ ಚೀಲ ಮಾರಿದರೆ ಮಾತ್ರ ಒಲೆ ಉರಿಯುತ್ತಿತ್ತು. ಅವನು ಶಾಸಕರೊಬ್ಬರ ಕಾಲು ಹಿಡಿದ. ಮಸೂದೆಯ ವಿರುದ್ಧ ಮಾತಾಡಲು ಪುಣ್ಯಾತ್ಮರು ಒಪ್ಪಿದರು. ನಾಳೆ ಮೊದಲೇ ಎದ್ದು ಮಾತಾಡಲೇ ಎಂದು ಅವರೇ ಕೇಳಿದರು.

“ಬ್ಯಾಡ್ರಿ ಸಾಹೇಬ್ರ, ಎಲ್ಲಾರದೂ ಮುಗೀಲಿ. ನೀವು ಕಡೀಕ ಮಾತಾಡ್ರಿ,” ಎಂದ ಥಾವರಪ್ಪ. ಅದೂ ಎಂಥ ಠೀವಿಯಿಂದ!

ಮರುದಿನ ಪಣಜಿಗೆ ಹೋಗಿ ಗ್ಯಾಲರಿಯಲ್ಲಿ ಕೂತ. ಆರು ಜನ ಮಾತಾಡಿದರು, ಆರೂ ಜನ ಮಸೂದೆಯ ಪರ. ಇವನ ಶಾಸಕರು ಕಾಗದ ಹಿಡಿದು ಏಳುವಷ್ಟರಲ್ಲಿ ಆಳುವ ಪಕ್ಷದ ಒಬ್ಬರು, ಚರ್ಚೆ ಸಾಕು, ಮತಕ್ಕೆ ಹಾಕಿ ಎಂದರು. ಸ್ಪೀಕರ್ ಸಭೆಯನ್ನು ಕೇಳಿದರು. ಹೆಚ್ಚಿನವರು ಹೌದು ಎಂದರು. ಅಷ್ಟೇ. ಎದ್ದವರು ಕೂತರು, ಮಸೂದೆ ಪಾಸಾಯಿತು.

ಥಾವರಪ್ಪ ಸೀದಾ ವಾಸ್ಕೋಗೆ ಬಂದು, ಧಾರವಾಡ ಕಡೆಯ ವಕೀಲ ವಸಂತರಾಯರ ಮುಂದೆ ನಿಂತ.

“ಮಾತಾಡೋರ ಬಾಯಿ ಮುಚ್ಚಸೋದು ಸಂವಿಧಾನಕ್ಕ ಒಪ್ಪತೈತೇನ್ರಿ?”

“ಚರ್ಚಾ ನಿಲ್ಲಸೋ ನಿಯಮ ಅವರ ಪುಸ್ತಕದಾಗ ಅದ. ಆ ನಿಯಮ ಮಾಡ್ಕೊಳ್ಳೋ ಅಧಿಕಾರ ಸಂವಿಧಾನನ ಕೊಟ್ಟದ. ಸಭಾದಾಗ ಕ್ರಮ ತಪ್ಪಿತು ಅಂತ ಹೋದ್ರ ಕೋರ್ಟ್ ಕೇಳಂಗಿಲ್ಲ. ಇಲ್ಲಂತೂ ಕ್ರಮನೂ ತಪ್ಪಿಲ್ಲ.”

“ನಮ್ಮ ಪರ ಒಬ್ರೂ ಮಾತಾಡ್ಲಿಲ್ಲಲ್ರಿ.”

“ಅಲ್ಲಿ ಮಾತಾಡೋ ಹಕ್ಕು ಶಾಸಕರದು, ಅದೂ ನಿಯಮದೊಳಗ. ನಿಂದಲ್ಲ, ಥಾವರಪ್ಪ.”

ವಕೀಲರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಸಂಕಟವೆಂದರೆ ಅದೇ.

ಮಳೆ ನಿಂತು ಪ್ರವಾಸಿಗರು ಬಂದ ಮೊದಲ ವಾರವೇ ಪೊಲೀಸರು ಭೀಮಿಬಾಯಿಯ ಗಂಟು ಕಸಿದುಕೊಂಡರು. ಬರಿಗೈಯಲ್ಲಿ ಬಂದು ಬಾಗಿಲಲ್ಲಿ ಕೂತಳು. ಇಷ್ಟು ದಿನ ನುಂಗಿಕೊಂಡಿದ್ದನ್ನು ಥಾವರಪ್ಪ ಅಂದು ಹೇಳಿಬಿಟ್ಟ.

“ತಪ್ಪು ನಂದು. ಕಡೀಕ ಮಾತಾಡ್ರಿ ಅಂತ ಸಾಹೇಬ್ರಿಗೆ ನಾನ ಹೇಳಿದ್ದೆ.”

ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಅವರು ಮೊದಲ ಮಾತಾಡಿದ್ರ, ಹೌದು ಅಂದೋರು ಹೌದು ಅಂತಿದ್ದಿಲ್ಲೇನು?” ಎಂದು ಕೇಳಿದಳು.

ಥಾವರಪ್ಪ ಗ್ಯಾಲರಿಯಿಂದ ಕಂಡ ಮುಖಗಳನ್ನು ಒಂದೊಂದಾಗಿ ನೆನೆದ.

“ಅಂತಿದ್ರು,” ಎಂದ.