ಎರಡು ಗುಂಡಿ, ಒಂದು ಕೆಂಡ

ಸೂರ್ಯ ಇನ್ನೂ ಮರಡಿಯ ಮೇಲೆ ಬಂದಿಲ್ಲ. ಸೊಂಟದಾಳದ ಗುಂಡಿಯೊಳಗೆ ಕುಳಿತ ರಂಜಾನಬಿ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಂಡು, ಇಟ್ಟಿಗೆಗಳ ಮೇಲೆ ಅಂಗೈಯಿಂದ ಮಣ್ಣು ಮೆತ್ತುತ್ತಿದ್ದಾರೆ. ಮೆತ್ತುತ್ತಾರೆ, ಹೆಬ್ಬೆರಳಿನಿಂದ ಸಂದು ಒತ್ತುತ್ತಾರೆ, ಒದ್ದೆ ಬಟ್ಟೆಯಿಂದ ಒರೆಸಿ ಒಂದು ಗೇಣು ಮುಂದಕ್ಕೆ ಸರಿಯುತ್ತಾರೆ. ಮೇಲಿನಿಂದ ನೋಡಿದವರಿಗೆ, ಯಾರದೋ ದೊಡ್ಡ ಮದುವೆಗೆ ಒಲೆ ಹೂಡುತ್ತಿದ್ದಾರೆ ಅನ್ನಿಸಬೇಕು. ಆದರೆ ಗುಂಡಿಯ ಪಕ್ಕದಲ್ಲಿರುವುದು ಅಡುಗೆಯ ಹಂಡೆಯಲ್ಲ, ಕಬ್ಬಿಣದ ಎತ್ತರದ ಚೌಕಟ್ಟು. ಈ ಗುಂಡಿ ಒಣಗಿದ ಮೇಲೆ ಅದಕ್ಕೆ ಆತು ರಾಕೆಟ್ಟು ನಿಲ್ಲುತ್ತದೆ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯನ್ನು ಬಿಟ್ಟು, ಕಲ್ಲುಹಾದಿಯಲ್ಲಿ ಜೀಪಿನೊಳಗೆ ಮೈಯೆಲ್ಲ ಕುಲುಕಿಸಿಕೊಂಡು ಬಂದರೆ ಕೆಂಪುಮರಡಿ ಎಂಬ ಈ ಬೋಳುಗುಡ್ಡ ಸಿಗುತ್ತದೆ. ಏಳೆಂಟು ವರ್ಷದಿಂದ ಇಲ್ಲಿ ಹವಾಮಾನದ ರಾಕೆಟ್ಟು ಹಾರಿಸುತ್ತಾರೆ. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಇದು ಬಾಣದ ಮರಡಿ. ರಾಕೆಟ್ಟು ಎಂದ ಕೂಡಲೇ ಚಂದ್ರಲೋಕಕ್ಕೆ ಹೊರಟುಬಿಡುವ ಓದುಗರು ಸ್ವಲ್ಪ ತಡೆದುಕೊಳ್ಳಬೇಕು. ಇವು ಎರಡಾಳು ಎತ್ತರದ, ತೊಡೆಯಷ್ಟು ದಪ್ಪದ ರಾಕೆಟ್ಟುಗಳು. ಮೋಡ ದಾಟಿ ಹೋಗಿ, ಅಲ್ಲಿ ಗಾಳಿ ಯಾವ ಕಡೆಗಿದೆ, ಎಷ್ಟು ತಂಪಿದೆ ಎಂದು ರೇಡಿಯೋದಲ್ಲಿ ತಿಳಿಸಿ, ಮರಡಿಯ ಹಿಂದಿನ ಬರಡು ಬಯಲಿಗೆ ಬೀಳುತ್ತವೆ. ಆ ಹೊತ್ತಿಗೆ ಕೆಂಪು ಬಾವುಟ ಏರಿರುತ್ತದೆ. ಬಯಲಿನಲ್ಲಿ ಕುರಿ, ದನ ಬಿಡುವಂತಿಲ್ಲ.

ಈ ಕೇಂದ್ರದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬಂದಿದೆ. ಆಕಾಶಕ್ಕೆ ಏರಿದ ಹೊಗೆಯ ಚಿತ್ರ ಬಂದಿದೆ, ಹೂಮಾಲೆ ಹಾಕಿಕೊಂಡವರ ಚಿತ್ರವೂ ಬಂದಿದೆ. ಹೊಗೆಯ ಬುಡದಲ್ಲಿ ಏನಿದೆ ಎಂದು ಯಾರೂ ಕೇಳಿದ್ದಿಲ್ಲ. ಬುಡದಲ್ಲಿ ಈ ಗುಂಡಿ ಇದೆ. ರಾಕೆಟ್ಟಿನ ಬೆಂಕಿ ಬರಿಯ ನೆಲಕ್ಕೆ ಬಡಿದರೆ ಕಲ್ಲು ಸಿಡಿದು ಅದರ ಬಾಲಕ್ಕೇ ಹೊಡೆಯುತ್ತದೆ. ಅದಕ್ಕಾಗಿ ಬೆಂಕಿಯನ್ನು ಗುಂಡಿಯೊಳಗೆ ಇಳಿಸಿಕೊಂಡು, ಪಕ್ಕದ ಬಾಯಿಯಿಂದ ಹೊರಗೆ ಬಿಡುತ್ತಾರೆ. ಪ್ರತಿಸಲ ಹಾರಿಸಿದಾಗಲೂ ಮೆತ್ತಿದ ಮಣ್ಣು ಸುಟ್ಟು ಉದುರುತ್ತದೆ, ಕೆಲವು ಇಟ್ಟಿಗೆಗಳು ಕದಲುತ್ತವೆ. ಅವನ್ನು ಕಿತ್ತು ಬೇರೆಯವನ್ನು ಇಟ್ಟು, ಮಣ್ಣು ಮೆತ್ತಿ, ಭತ್ತದ ಹೊಟ್ಟಿನ ಸಣ್ಣ ಬೆಂಕಿಯಿಂದ ಒಣಗಿಸಬೇಕು. ಹಸಿ ಉಳಿದರೆ ಒಳಗಿನ ನೀರು ಉಗಿಯಾಗಿ ಇಟ್ಟಿಗೆಯನ್ನೇ ಎಗರಿಸಿಬಿಡುತ್ತದೆ.

ಅಷ್ಟೂ ಕೆಲಸ ಈ ಒಬ್ಬ ಹೆಂಗಸಿನದು. 'ಲೆಕ್ಕ ಸಾಹೇಬ್ರದು, ಕೈ ನಂದು' ಎನ್ನುತ್ತಾರೆ ರಂಜಾನಬಿ. ಮಣ್ಣು ಚೀಲದಲ್ಲಿ ಬರುತ್ತದೆ. ಎಷ್ಟು ಮಣ್ಣಿಗೆ ಎಷ್ಟು ಇಟ್ಟಿಗೆಪುಡಿ ಎಂದು ಕೇಂದ್ರದ ಇಂಜಿನಿಯರರು ಹೇಳುತ್ತಾರೆ. ಕಲಸಿ ಮೆತ್ತುವುದು ಇವರ ಪಾಲು.

ರಂಜಾನಬಿಗೆ ಈಗ ಐವತ್ತೈದರ ಆಚೀಚೆ. ಗಂಡ ಲಾಡಸಾಬರು ಚುರಮುರಿ ಭಟ್ಟಿ ಕಟ್ಟುವುದರಲ್ಲಿ ಹೆಸರಾದವರು. ಇಳಕಲ್ಲು, ಗುಳೇದಗುಡ್ಡ, ಬಾಗಲಕೋಟೆಯ ಎಷ್ಟೋ ಭಟ್ಟಿಗಳು ಅವರ ಕೈಯವು. ಅವರು ಇಟ್ಟಿಗೆ ಇಟ್ಟರೆ ಇವರು ಹಿಂದಿನಿಂದ ಮೆತ್ತಿಕೊಂಡು ಬರುತ್ತಿದ್ದರು. ಹೊಗೆ ಕುಡಿದು ಕುಡಿದು ಲಾಡಸಾಬರ ಎದೆ ಕೆಟ್ಟಿತು. ಅವರು ತೀರಿಕೊಂಡ ಮೇಲೆ ಭಟ್ಟಿಯ ಮಾಲೀಕರು ರಂಜಾನಬಿಯನ್ನು ಕರೆಯುವುದನ್ನು ಬಿಟ್ಟರು.

'ಹೆಣ್ಮಗಳು ಭಟ್ಟಿ ಕಟ್ತಾಳೇನು ಅಂದ್ರು. ಇಪ್ಪತ್ತು ವರ್ಷ ಮೆತ್ತಾಕ ಬೇಕಾಗಿದ್ನಿ, ಕಟ್ಟಾಕ ಬ್ಯಾಡಾದ್ನಿ. ಸಿಟ್ಟು ಬಂದಿತ್ತು, ಇಲ್ಲ ಅನ್ನಂಗಿಲ್ಲ. ಸಿಟ್ಟು ಮಾಡ್ಕೊಂಡು ಎಲ್ಲಿಗೆ ಹೋಗ್ಲಿ?'

ಹೋದದ್ದು ಇಲ್ಲಿಗೆ. ಇಟ್ಟಿಗೆ ಕಟ್ಟಲು ಪಟ್ಟಣದಿಂದ ತಂದ ಗೌಂಡಿಗಳು ಈ ಬಿಸಿಲಿಗೆ, ಈ ಒಂಟಿ ಗುಡ್ಡಕ್ಕೆ ನಿಲ್ಲಲಿಲ್ಲ. ಗುತ್ತಿಗೆದಾರ ಒಂದು ವಾರದ ಮಟ್ಟಿಗೆ ಎಂದು ಇವರನ್ನು ಕರೆತಂದ. ಆ ವಾರ ಇನ್ನೂ ಮುಗಿದಿಲ್ಲ.

ಮೊದಲು ಕೆಲಸ ನಿಧಾನದ್ದಿತ್ತು. ಬುಧವಾರಕ್ಕೊಂದು ರಾಕೆಟ್ಟು. ಗುಂಡಿ ಆರಲು, ಕೀಳಲು, ಮೆತ್ತಲು, ಒಣಗಲು ಮೂರು-ನಾಲ್ಕು ದಿನ ಹಿಡಿಯುತ್ತಿತ್ತು. ಎರಡು ವರ್ಷದ ಕೆಳಗೆ, ಅಂದರೆ ಎಂಬತ್ತನಾಲ್ಕರಲ್ಲಿ, ಮಾತು ಬದಲಾಯಿತು. ಮುಂಗಾರಿನ ಗಾಳಿಯನ್ನು ಹಿಡಿಯಬೇಕಾದರೆ ವಾರಕ್ಕೊಂದು ಸಾಲದು, ಮಳೆಗಾಲದಲ್ಲಿ ದಿನ ಬಿಟ್ಟು ದಿನ ಹಾರಿಸಬೇಕು ಎಂದು ಮೇಲಿನಿಂದ ಆದೇಶ ಬಂತು. ಆಗದಿದ್ದರೆ ಮರಡಿಯನ್ನು ಮುಚ್ಚಿ ರಾಕೆಟ್ಟುಗಳನ್ನು ಬೇರೆಡೆಗೆ ಒಯ್ಯುವುದಾಗಿಯೂ ಅದರ ಜೊತೆಗೇ ಬಂತು.

ಹಾರಿಸುವ ಅಂಗಳವನ್ನು ನೋಡಿಕೊಳ್ಳುವ ಇಂಜಿನಿಯರ್ ರಾಚಯ್ಯ ಸಾಲಿಮಠ ಬಾದಾಮಿಯವರು. ಮಾತು ಕಡಿಮೆ, ಚಹಾ ಹೆಚ್ಚು. 'ರಾಕೆಟ್ ಒಮ್ಮೆ ಹಾರ್ಸೂದು ದೊಡ್ಡ ಮಾತಲ್ರಿ' ಎನ್ನುತ್ತಾರೆ ಅವರು. 'ಹಾರ್ಸಿದ ಮರುದಿನ ಮತ್ತ ಹಾರ್ಸಾಕ ತಯಾರ ಇರೂದು ದೊಡ್ಡ ಮಾತು. ಇದು ಬಸ್‌ ಸ್ಟ್ಯಾಂಡ್ ಇದ್ದಂಗ ಆಗ್ಬೇಕು. ಒಂದು ಗಾಡಿ ಹೋತು, ಇನ್ನೊಂದು ಬಂದು ನಿಂತಿತು. ಜನ ತಿರುಗಿ ನೋಡಬಾರ್ದು.' ಎಲ್ಲವನ್ನೂ ತಡೆಯುತ್ತಿದ್ದದ್ದು ಗುಂಡಿಯ ಹಸಿ. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳವಾದದ್ದು: ಎರಡನೆಯ ಗುಂಡಿ. ಒಂದರಲ್ಲಿ ಹಾರಿಸುವಾಗ ಇನ್ನೊಂದು ಒಣಗುತ್ತಿರಬೇಕು.

ರಂಜಾನಬಿ ಒಲ್ಲೆ ಎಂದುಬಿಟ್ಟರು.

ಈ ಸೀಮೆಯಲ್ಲಿ ಒಂದು ಮನೆಯೊಳಗೆ ಎರಡನೆಯ ಒಲೆ ಹೂಡಿದರು ಎಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ಪಂಚರು ಕೂಡುವುದು, ಹೊಲ ಅಳೆಯುವುದು ಆಮೇಲಿನ ಮಾತು. ಒಲೆ ಬೇರೆಯಾದ ದಿನವೇ ಮನೆ ಬೇರೆಯಾಗಿರುತ್ತದೆ. ರಂಜಾನಬಿಯ ಮಕ್ಕಳು ಅಕ್ಬರಸಾಬ, ನಬಿಸಾಬ ಆ ವರ್ಷದ ಬೇಸಿಗೆಯಲ್ಲಷ್ಟೇ ಬೇರೆಯಾಗಿದ್ದರು. ಎರಡನೆಯ ಒಲೆಯನ್ನು ಹೂಡಿಕೊಟ್ಟವರು ತಾಯಿಯೇ. ಊರಿಗೆಲ್ಲ ಒಲೆ ಹೂಡುವವಳು ಮನೆಯಲ್ಲಿರುವಾಗ ಹೊರಗಿನವರನ್ನು ಯಾರು ಕರೆಯುತ್ತಾರೆ?

'ಹಸಿ ಮಣ್ಣು ಮೆತ್ತಾಕತ್ತಿದ್ನಿ, ಕಣ್ಣೀರು ಅದರಾಗ ಬೀಳಾಕತ್ತಿದ್ದು' ಎಂದು ಹೇಳುವಾಗಲೂ ಅವರ ಕೈ ನಿಲ್ಲುವುದಿಲ್ಲ. 'ಒಲಿ ಒಣಗಿದ ಮ್ಯಾಲ ಹಳೇ ಒಲಿಯಿಂದ ಒಂದು ಹೆಂಚಿನಾಗ ಕೆಂಡ ತಗೊಂಡು ಹೋದ್ನಿ. ಒಲಿ ಬ್ಯಾರಿ ಆದ್ರೂ ಬೆಂಕಿ ಒಂದ ಇರ್ಲಿ ಅಂತ. ಅಷ್ಟೊತ್ತಿಗೆ ಸಣ್ಣ ಸೊಸಿ ಜೈನಬಿ ಕಡ್ಡಿ ಕೊರದು ಹಚ್ಚಿಬಿಟ್ಟಿದ್ಳು. ಆಕಿದೇನೂ ತಪ್ಪಿಲ್ರಿ, ಆಕಿಗೆ ಗೊತ್ತಿರ್ಲಿಲ್ಲ. ಕೆಂಡ ನನ್ನ ಕೈಯಾಗ ಉಳೀತು.'

ಹೀಗಿರುವಾಗ ಮರಡಿಯ ಮೇಲೂ ಎರಡನೆಯದನ್ನು ಹೂಡು ಎಂದರೆ ಆಕೆಗೆ ಹೇಗಾಗಿರಬೇಡ? ಮೂರು ದಿನ ಕೆಲಸಕ್ಕೆ ಬರಲಿಲ್ಲ. ಬೇರೆ ಗೌಂಡಿಯನ್ನು ಹುಡುಕುತ್ತಿದ್ದಾರೆಂದು ಕೇಳಿದ ಮೇಲೆ ತಾವಾಗಿ ಬಂದರು. ಒಂದು ಒಲೆಯನ್ನು ಎರಡಾಗಿ ಒಡೆಯುವ ಕೆಲಸವನ್ನೂ ಪರರ ಕೈಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಬಂದವರು ಒಳಗೊಳಗೇ ಒಂದು ಉಪಾಯ ಹೂಡಿಕೊಂಡೇ ಬಂದಿದ್ದರು.

ಇಲ್ಲಿನ ಅಡುಗೆಮನೆಗಳಲ್ಲಿ ದೊಡ್ಡ ಒಲೆಗೆ ಅಂಟಿಕೊಂಡು ಕೋಡೊಲೆ ಎಂಬ ಸಣ್ಣ ಒಲೆ ಇರುತ್ತದೆ. ದೊಡ್ಡದರ ಬೆಂಕಿ ನಡುವಿನ ಕಿಂಡಿಯಿಂದ ಅದಕ್ಕೂ ಹಾಯುತ್ತದೆ. ಇಲ್ಲಿ ರೊಟ್ಟಿ ಬೇಯುವಾಗ ಅಲ್ಲಿ ಬೇಳೆ ಕುದಿಯುತ್ತದೆ. ಬಾಯಿ ಎರಡಾದರೂ ಒಲೆ ಒಂದೇ. ರಂಜಾನಬಿ ಎರಡೂ ಗುಂಡಿಗಳ ನಡುವೆ ನೆಲದೊಳಗಿನಿಂದ ಅಂಥದೊಂದು ಕಿಂಡಿಯನ್ನು ಇಟ್ಟಿಗೆಯಲ್ಲಿ ಕಟ್ಟಿಬಿಟ್ಟರು. ಗುಂಡಿಗಳ ನಡುವೆ ಹೆಚ್ಚು ದೂರವೂ ಇರಲಿಲ್ಲ. ರಾಚಯ್ಯನವರು ಅದನ್ನು ಕಂಡಿದ್ದರು. 'ಮಳಿ ನೀರು ಹೋಗಾಕ ಮಾಡ್ಯಾಳ ಅಂತ ತಿಳ್ಕೊಂಡ್ನಿ. ಕೇಳಬೇಕಾಗಿತ್ತು, ಕೇಳ್ಲಿಲ್ಲ' ಎನ್ನುತ್ತಾರೆ.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಮೊದಲ ಗುಂಡಿಯಲ್ಲಿ ರಾಕೆಟ್ಟು ಹತ್ತಿಕೊಂಡಿತು. ಬೆಂಕಿ ಹೊರಬಾಯಿಯಿಂದ ಹೋದಂತೆ ಕಿಂಡಿಯಿಂದಲೂ ನುಗ್ಗಿತು. ಆಚೆಯ ಗುಂಡಿಯ ಹಸಿ ಮಣ್ಣು ಸಿಡಿದು, ಇಟ್ಟಿಗೆಗಳು ಮೇಲಕ್ಕೆದ್ದು ಬಿದ್ದವು. ಒಂದು ಇಟ್ಟಿಗೆ ಬಡಿದು ಕಬ್ಬಿಣದ ಚೌಕಟ್ಟಿನ ಕಾಲು ಬಾಗಿತು. ಎಲ್ಲರೂ ದೂರ ಇದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ವಾರಕ್ಕೆ ಮೂರು ಹಾರಿಸಲು ಹೊರಟವರಿಗೆ ಎರಡು ವಾರ ಒಂದನ್ನೂ ಹಾರಿಸಲಾಗಲಿಲ್ಲ. ಮರಡಿಯ ಹಣೆಬರಹ ಇಷ್ಟೇ ಎಂದು ಆಫೀಸಿನೊಳಗೇ ಮಾತು ಶುರುವಾಯಿತು.

ವಿಚಾರಣೆಗೆ ದೊಡ್ಡ ಅಧಿಕಾರಿಗಳು ಬಂದರು. ಹೆಗ್ಗಣ ತೋಡಿತ್ತು ಎಂದುಬಿಡು, ಮುಗಿದುಹೋಗುತ್ತದೆ ಎಂದು ಗುತ್ತಿಗೆದಾರ ಕಿವಿಯಲ್ಲಿ ಹೇಳಿದ. ರಂಜಾನಬಿ ಸೆರಗು ಹೊದ್ದು ಮುಂದೆ ಬಂದು ನಿಂತರು.

'ಕಿಂಡಿ ನಾನ ಬಿಟ್ಟೇನ್ರಿ.'

ಯಾಕೆ ಬಿಟ್ಟೆ ಎಂದು ಕೇಳಿದರು.

'ಎರಡೂ ಒಂದ ಒಲಿ ಆಗಿರ್ಲಿ ಅಂತ.'

ಪರವೂರಿನ ಆ ಅಧಿಕಾರಿಗಳು ರಾಚಯ್ಯನವರ ಮುಖ ನೋಡಿದರು. 'ಅದನ್ನ ಇಂಗ್ಲಿಷಿನ್ಯಾಗ ಹೇಳಾಕ ಹೋದ್ನಿ, ಬರ್ಲಿಲ್ಲ' ಎಂದು ರಾಚಯ್ಯನವರು ಈಗಲೂ ನಗುತ್ತಾರೆ. 'ಕಡೀಕ ಕೆಲಸಗಾರರಿಗೆ ಸರಿಯಾಗಿ ತಿಳಿಸಿ ಹೇಳಿಲ್ಲ, ತಪ್ಪು ನಂದು ಅಂದ್ನಿ. ಅದೂ ಖರೇನ ಇತ್ತು.' ಒಂದು ಅವಕಾಶ ಸಿಕ್ಕಿತು. ಎರಡೂ ಗುಂಡಿಗಳನ್ನು ಮುಂದಿನ ಮುಂಗಾರಿನೊಳಗೆ ಸರಿಮಾಡಿ ತೋರಿಸಬೇಕು, ಇಲ್ಲವಾದರೆ ಬೀಗ.

ಆ ಸಂಜೆ ಇಬ್ಬರೂ ಗುಂಡಿಯ ಅಂಚಿನಲ್ಲಿ ಕುಳಿತಿದ್ದರಂತೆ. ರಾಚಯ್ಯನವರು ಹೇಳಿದ ಮಾತನ್ನು ರಂಜಾನಬಿ ನನಗೆ ಚಾಚೂ ತಪ್ಪದೆ ಒಪ್ಪಿಸುತ್ತಾರೆ. 'ಯವ್ವಾ, ಎರಡನ್ನೂ ಒಂದು ಮಾಡಿದ್ರ ಕೆಡೂವಾಗ ಎರಡೂ ಕೂಡೇ ಕೆಡ್ತಾವ. ಬ್ಯಾರಿ ಬ್ಯಾರಿ ಇದ್ರ ಒಂದು ಕೆಟ್ಟಾಗ ಇನ್ನೊಂದು ದುಡೀತೈತಿ. ಬ್ಯಾರಿ ಇಡೂದು ಒಡ್ಯಾಕಲ್ಲ, ಉಳಸಾಕ.'

ಮರುದಿನ ರಂಜಾನಬಿ ತಮ್ಮ ಕೈಯಿಂದಲೇ ಕಿಂಡಿ ಮುಚ್ಚಿದರು. ಮುಚ್ಚುವ ಮೊದಲು ಒಂದು ಕರಾರು ಹಾಕಿದರು. ಒಣಗಿಸುವ ಬೆಂಕಿಗೆ ಕಡ್ಡಿ ಕೊರೆಯಬಾರದು. ಒಂದು ಗುಂಡಿಯ ಕೆಂಡದಿಂದಲೇ ಇನ್ನೊಂದನ್ನು ಹಚ್ಚಬೇಕು. ಮದ್ದು ತುಂಬಿದ ರಾಕೆಟ್ಟು ಬರುವ ಜಾಗದಲ್ಲಿ ಕೆಂಡ ಹೊತ್ತು ತಿರುಗುವುದು ಹುಡುಗಾಟವೇ? ರಾಚಯ್ಯನವರು ಎರಡು ರಾತ್ರಿ ಯೋಚಿಸಿ ಒಪ್ಪಿದರು. ಅಂಗಳದಲ್ಲಿ ರಾಕೆಟ್ಟು ಇಲ್ಲದ ಹೊತ್ತಿನಲ್ಲಿ ಮಾತ್ರ, ಅದೂ ಮುಚ್ಚಳವಿರುವ ಕಬ್ಬಿಣದ ಶೆಗಡಿಯಲ್ಲಿ ಮಾತ್ರ. ಉಳಿದ ಹೊತ್ತು ಶೆಗಡಿ ಗೇಟಿನಾಚೆ, ಕಾವಲುಗಾರರ ಕೋಣೆಯ ಹಿಂದಿರಬೇಕು. ಒಪ್ಪಿದ್ದಕ್ಕೆ ಕಾರಣ ಕೇಳಿದರೆ, ಗೇಟಿನೊಳಗೆ ಕಡ್ಡಿಪೆಟ್ಟಿಗೆ ಬರುವುದು ತಪ್ಪಿತಲ್ಲ ಎನ್ನುತ್ತಾರೆ. ಅದೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ.

ಅಂದಿನಿಂದ ಆ ಬೆಂಕಿ ಆರಿಲ್ಲ. ಹೊಟ್ಟಿನೊಳಗೆ ಹುದುಗಿಸಿಟ್ಟ ಕೆಂಡ ಒಂದು ಗುಂಡಿಯಿಂದ ಶೆಗಡಿಗೆ, ಶೆಗಡಿಯಿಂದ ಇನ್ನೊಂದು ಗುಂಡಿಗೆ ಓಡಾಡುತ್ತಲೇ ಇದೆ. ಕಳೆದ ಮುಂಗಾರಿನಲ್ಲಿ ದಿನ ಬಿಟ್ಟು ದಿನ ರಾಕೆಟ್ಟು ಹಾರಿತು. ಎರಡು ದಿನಕ್ಕೇ ಗುಂಡಿ ಒಣಗಿಸುವಷ್ಟು ಕೈ ಪಳಗಿದ ಮೇಲೆ, ಈ ವರ್ಷ ಕೆಲವು ವಾರ ದಿನಾಲೂ ಹಾರಿದೆ. ಮರಡಿಯನ್ನು ಮುಚ್ಚುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಕುರಿ ಕಾಯುವವರು ಸದ್ದಾದರೂ ತಲೆ ಎತ್ತುವುದಿಲ್ಲ, ರಾಚಯ್ಯನವರಿಗೆ ಬೇಕಾಗಿದ್ದದ್ದೂ ಅದೇ.

ಬಿಸಿಲು ಏರಿದೆ. ರಂಜಾನಬಿ ಗುಂಡಿಯಿಂದ ಮೇಲೆ ಬಂದು, ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಡುತ್ತಾರೆ. ಮುಂಗೈಯ ಕೂದಲು ಸುಟ್ಟುಹೋಗಿವೆ, ಬೆರಳ ತುದಿ ನುಣುಪಾಗಿದೆ. ಹಾರಿಸುವಾಗ ಇವರನ್ನೂ ಉಳಿದ ಕೂಲಿಯವರ ಜೊತೆ ರಸ್ತೆಯ ಬೇವಿನ ಮರದವರೆಗೆ ಕಳಿಸಿಬಿಡುತ್ತಾರೆ. ಅಲ್ಲಿಂದ ಏನು ಕಾಣುತ್ತದೆ ಎಂದೆ. 'ಧೂಳು ಕಾಣ್ತೈತಿ. ಧೂಳು ಒಂದ ಕಡೆಯಿಂದ ಎದ್ರ ಗುಂಡಿ ಛಲೋ ಐತಿ ಅಂತ ತಿಳ್ಕೊಂಡು ಕುಂದರ್ತೇನಿ. ಮ್ಯಾಲ ಹೋಗಿದ್ದನ್ನ ನೋಡಾಕ ಅವರು ಅದಾರಲ್ಲ.'

ಮನೆಯಲ್ಲಿ ಈಗಲೂ ಎರಡು ಒಲೆ. ಮುಂಜಾನೆ ಹಿರಿಯ ಮಗನಲ್ಲಿ, ಸಂಜೆ ಕಿರಿಯನಲ್ಲಿ ಇವರ ಊಟ. ಈ ಸಲದ ರಂಜಾನಿನಲ್ಲಿ ಹಿರಿಯ ಸೊಸೆ ಹೆರಿಗೆಗೆಂದು ಬಾಗಲಕೋಟೆಯ ದವಾಖಾನೆಯಲ್ಲಿದ್ದಳು. ಅವಳ ಒಲೆ ಹೊತ್ತಲಿಲ್ಲ. ಅಷ್ಟೂ ದಿನ ಅಕ್ಬರಸಾಬನಿಗೆ, ಅವನ ಮಕ್ಕಳಿಗೆ ಜೈನಬಿಯೇ ಬೇಯಿಸಿ ಹಾಕಿದಳು.

'ಸಾಹೇಬ್ರು ಹೇಳಿದ್ದು ಖರೆ ಐತ್ರಿ' ಎನ್ನುತ್ತಾರೆ ರಂಜಾನಬಿ. 'ಒಂದು ಆರಿದಾಗ ಇನ್ನೊಂದು ಉರೀತಿತ್ತು. ಒಂದ ಒಲಿ ಇದ್ದಿದ್ರ ಹಬ್ಬದ ದಿನಾನೂ ಉಪವಾಸ ಬೀಳಬೇಕಾಗ್ತಿತ್ತು.'

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೂಲಿ ಹೆಚ್ಚಿಸಲಿ ಎನ್ನುತ್ತಾರೆ, ರಾಕೆಟ್ಟಿನ ಜೊತೆ ಒಂದು ಚಿತ್ರ ತೆಗೆಸಿ ಎನ್ನುತ್ತಾರೆ ಎಂದು ಪೆನ್ನು ಹಿಡಿದು ಕುಳಿತಿದ್ದೇನೆ. ಅವರು ರೊಟ್ಟಿಯ ಬಟ್ಟೆ ಕೊಡವಿ, ಗೇಟಿನಾಚೆಯಿಂದ ಶೆಗಡಿ ತಂದು, ಮುಚ್ಚಳ ಸರಿಸಿ ಬೂದಿಯ ಮೇಲೆ ಮೆಲ್ಲಗೆ ಊದುತ್ತಾರೆ. ಒಳಗಿನ ಕೆಂಡ ಕಣ್ಣುಬಿಡುತ್ತದೆ.

'ಸಣ್ಣ ಸೊಸಿ ಒಂದಿನ ದೊಡ್ಡಾಕಿ ಒಲಿ ಕಡೆ ಕೆಂಡ ಕೇಳಾಕ ಬರ್ಲಿ. ಕಡ್ಡಿಪೆಟಗಿ ತೀರೇತಿ ಅಂತ ಸುಳ್ಳ ಹೇಳಿದ್ರೂ ನಡೀತೈತಿ.'