ನೊಣ ನೆನೆಯುವ ಹೊತ್ತು

ನನ್ನ ನೊಣಗಳು ಮರುದಿನಕ್ಕೆ ಎಲ್ಲವನ್ನೂ ಮರೆತುಬಿಡುತ್ತಿದ್ದವು. ತಮಿಳುನಾಡಿನ ದಿಂಡಿಗಲ್ಲಿನ ಕಾಲೇಜೊಂದರಲ್ಲಿ ನಾನು ಸಂಶೋಧನೆಗೆ ಸೇರಿ ಆಗ ಎರಡನೆಯ ವರ್ಷ. ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಕ್ಕೆ ಒಂದು ವಾಸನೆ ತೋರಿಸಿ, ಅದರ ಜೊತೆಗೇ ಕಾಲಿಗೆ ಸಣ್ಣ ಶಾಕ್ ಕೊಡುವುದು. ನಾಳೆ ಅದೇ ವಾಸನೆ ಬಂದಾಗ ಅದು ದೂರ ಸರಿಯುತ್ತದೆಯೇ ಎಂದು ನೋಡುವುದು. ಶಾಕ್ ತಗುಲಿದೊಡನೆ ಅದರ ಮಿದುಳಿನಲ್ಲಿ ಡೋಪಮೈನ್ ಸುರಿದು, ಈ ವಾಸನೆ ಕೆಟ್ಟದ್ದು ಎಂಬ ಗುರುತು ಬೀಳುತ್ತದೆ. ತಮಾಷೆಯೆಂದರೆ, ಆಮೇಲೆ ಅದೇ ಡೋಪಮೈನ್ ಸಣ್ಣಗೆ ಜಿನುಗುತ್ತ ಆ ಗುರುತನ್ನು ಅಳಿಸಲೂ ತೊಡಗುತ್ತದೆ.

ತಿಂಗಳೊಳಗೆ ಮರುದಿನದ ನೆನಪು ಕಾಣದಿದ್ದರೆ ಬೇರೆ ವಿಷಯ ಹಿಡಿ ಎಂದು ಮಾರ್ಗದರ್ಶಕಿ ಖಡಾಖಂಡಿತ ಹೇಳಿದ್ದರು. ಆರು ಸಲ ಸೋತಿದ್ದೆ. ನಾನು ಬಿಡುವವಳಲ್ಲ.

ಆ ಭಾನುವಾರ ಉತ್ತಮಪಾಳಯಂನ ಮನೆಗೆ ಹೋದಾಗ ಅಜ್ಜಿ ಉದ್ದು ಆರಿಸುತ್ತ ಕೂತಿದ್ದಳು. ನಿನ್ನ ಕೆಲಸವೇನು ಎಂದು ಕೇಳಿದಳು. ಮನೆಯಲ್ಲಿ ನಾವು ಆಡುವುದು ತಲೆಮಾರುಗಳಿಂದ ಇಲ್ಲೇ ಬೆಳೆದ ಕನ್ನಡ. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಆ ಜಂಬಕ್ಕೆ ಪುಸ್ತಕದ ಮಾತು ಬಳಸಿದೆ.

"ನೊಣ ನೆನೀತದಾ ಅಂತ ನೋಡ್ತೀನಿ ಅಜ್ಜಿ."

"ನೊಣನ ಏತಕ್ಕೆ ನೆನೆಸ್ತಿ, ನನ್ ಕಣ್ಣು? ಸತ್ತೋಗಲ್ವಾ?"

ನಮ್ಮ ಮನೆಮಾತಿನಲ್ಲಿ ನೆನಪಿಗೆ ತಮಿಳಿನ 'ಞಾಬಗ'ವೇ ಗತಿ, ಸಲ ಎನ್ನಲು 'ತಡವೆ'ಯೇ. ನೆನೆಯುವುದು ಎಂದರೆ ನೀರಿನಲ್ಲಿ ಮಾತ್ರ. ನಗು ತಡೆದುಕೊಂಡು ತಿದ್ದಿದೆ.

"ನೀರಲ್ಲಲ್ಲ. ಒಂದೇ ಸಮ ಹತ್ತು ತಡವೆ ಪಾಠ ಹೇಳ್ತೀನಿ. ಆದ್ರೂ ಞಾಬಗ ನಿಲ್ಲಲ್ಲ."

"ನಡುವೆ ಬಿಟ್ಟಿಡ್ತಿಯಾ?"

"ಇಲ್ಲ."

"ಬಿಡದೆ ಹತ್ತು ತಡವೆ ನೀರ್ ಉಯ್ದ್ರೆ ಉದ್ದು ನೆಂದ್ಬುಡ್ತದಾ? ಸುಮ್ನೆ ಬಿಟ್ಟಿಡ್ಬೇಕಲ್ಲಾ."

ಅವಳಿನ್ನೂ ನೀರಿನಲ್ಲೇ ಇದ್ದಳು. ನನ್ನ ಮುಖ ಮಾತ್ರ ಬಿಸಿಯಾಯಿತು. ಪಾಠಗಳ ನಡುವೆ ಕಾಲು ಗಂಟೆ ಬಿಡುವು ಕೊಡಬೇಕೆಂದು ನಾನು ಓದಿಯೇ ಇದ್ದೆ. ಆದರೆ ಇದ್ದದ್ದು ಒಂದೇ ಉಪಕರಣ, ಮೂವರ ಸರದಿ. ನನ್ನ ಪಾಲಿನ ಒಂದು ಗಂಟೆಯೊಳಗೆ ಮುಗಿಸಲು ಬಿಡುವನ್ನೇ ಕತ್ತರಿಸಿದ್ದೆ. ಹೇಗಾದರೂ ಹತ್ತು ಹತ್ತೇ ಅಲ್ಲವೇ ಎಂದುಕೊಂಡಿದ್ದೆ. ನನ್ನ ಅವಸರದ ಮೇಲೆ ನನಗೇ ಸಿಟ್ಟು ಬಂತು.

ಸೋಮವಾರ ಹೋದವಳೇ ಉಳಿದಿಬ್ಬರ ಸರದಿಯನ್ನೂ ಕೇಳಿದೆ. ಒಬ್ಬಳು ಕೂಡಲೇ ಬಿಟ್ಟುಕೊಟ್ಟಳು, ಇನ್ನೊಬ್ಬ ಹಿರಿಯ ಸಹಪಾಠಿ ಮುಖ ಗಂಟು ಹಾಕಿದ. ಎರಡು ವಾರ ಅವನ ನೊಣದ ಬಾಟಲಿಗಳನ್ನು ತೊಳೆದುಕೊಡುತ್ತೇನೆಂದ ಮೇಲೆ ಒಪ್ಪಿದ. ಒಂದು ಗುಂಪಿಗೆ ಮೊದಲಿನಂತೆ ಒಂದೇ ಸಮ ಹತ್ತು ಪಾಠ, ಇನ್ನೊಂದಕ್ಕೆ ಪ್ರತಿ ಪಾಠದ ನಂತರ ಕಾಲು ಗಂಟೆ ಬಿಡುವು. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ, ಅಂದು ಕೂತೆ.

ಮರುದಿನ ಒಂದು ತುದಿಯಿಂದ ಶಾಕಿನ ವಾಸನೆ, ಇನ್ನೊಂದರಿಂದ ಬೇರೆ ವಾಸನೆ ಬರುವ ಕೊಳವೆಯ ನಡುವೆ ಒಂದೊಂದೇ ಗುಂಪನ್ನು ಬಿಟ್ಟೆ. ಬಿಡುವಿಲ್ಲದೆ ಕಲಿತವು ಎರಡೂ ಕಡೆ ಚದುರಿದವು. ಬಿಡುವು ಪಡೆದವುಗಳಲ್ಲಿ ಹೆಚ್ಚಿನವು ಶಾಕಿನ ವಾಸನೆಗೆ ಬೆನ್ನು ಹಾಕಿ ಆಚೆಗೆ ಹೋದವು. ಕಣ್ಣು ಮಂಜಾಗಿ ಲೆಕ್ಕ ತಪ್ಪಿತು, ಮತ್ತೆ ಎಣಿಸಿದೆ.

ಮಾರ್ಗದರ್ಶಕಿ ಪಟ್ಟಿಯನ್ನು ಎರಡು ಸಲ ನೋಡಿದರು. "ಒಂದು ಸಲ ಬಂದದ್ದನ್ನು ನಾನು ನಂಬುವುದಿಲ್ಲ, ನೀನೂ ನಂಬಬೇಡ," ಎಂದು ತಮಿಳಿನಲ್ಲಿ ಹೇಳಿದರು. ವಿಷಯ ಬದಲಿಸುವ ಮಾತೆತ್ತಲಿಲ್ಲ.

ಅಲ್ಲಿಂದ ನೇರ ಹಿರಿಯ ಸಹಪಾಠಿಯ ಬಳಿ ಹೋಗಿ, ನಿನ್ನ ಸರದಿ ಇನ್ನೂ ಬೇಕು, ಈ ವರ್ಷವಿಡೀ ನಿನ್ನ ಬಾಟಲಿ ನಾನೇ ತೊಳೆಯುತ್ತೇನೆ ಎಂದೆ.